ಯಾರಿಗೆ, ಯಾಕೆ ಎಂದು ಕೇಳಿ ಜೇನು ಮಾರಿದವರು

ಈ ವರ್ಷದ ಬೇಸಿಗೆ ಸಂತೆಯ ಮೊದಲ ಭಾನುವಾರ ಏಳೆಂಟು ಜನ ನನ್ನ ಮೇಜಿನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು. ಆ ಬೈಯುವ ಮನುಷ್ಯ ಎಲ್ಲಿ, ಈ ಸಲ ಬಂದಿಲ್ಲವೇ ಎಂದು. ಹೋದ ಶ್ರಾವಣದಲ್ಲಿ ತೀರಿಕೊಂಡರು ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಶಿರಾಳಕೊಪ್ಪದಿಂದ ಬಂದಿದ್ದ ಒಬ್ಬ ಹೆಂಗಸು, ಎಂದೋ ಒಂದು ಸಲ ಅವರು ತನಗೆ ಜೇನುತುಪ್ಪ ಕೊಡದೆ ವಾಪಸು ಕಳಿಸಿದ್ದನ್ನು ನೆನೆದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೆ ಅಳು ಬರಲಿಲ್ಲ. ಅವರನ್ನು ನೆನೆದರೆ ನನಗೆ ಮೊದಲು ಬರುವುದು ಸಿಟ್ಟು. ಬದುಕಿದ್ದಾಗಲೂ ಅಷ್ಟೆ, ಈಗಲೂ ಅಷ್ಟೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಆನವಟ್ಟಿಯಲ್ಲಿ ಹೆಚ್ಚಿನವರಿಗೆ ಗುರುತು ಸಿಗಲಿಕ್ಕಿಲ್ಲ. ಎಲ್ಲರ ಬಾಯಲ್ಲೂ ಅವರು ಕಂಡಕ್ಟರ್. ಶಿಕಾರಿಪುರದಿಂದ ನಮ್ಮ ಕಡೆ ಓಡಾಡುವ ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದು ನಿವೃತ್ತರಾದವರು. ಬಳ್ಳಿಗಾವಿಯ ಆಚೆಗಿನ ಒಂದು ಹಳ್ಳಿಯಲ್ಲಿ ಮನೆ. ಮನೆಯ ಹಿಂದೆ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದರು. ಹೋಳಿ ಹುಣ್ಣಿಮೆ ಕಳೆದು ಮುಂಗಾರು ಹಿಡಿಯುವವರೆಗೆ ಆನವಟ್ಟಿಯ ಬಸ್ ನಿಲ್ದಾಣದ ಹತ್ತಿರದ ಖಾಲಿ ಜಾಗದಲ್ಲಿ ಪ್ರತಿ ಭಾನುವಾರ ನಮ್ಮ ಸಂತೆ ನಡೆಯುತ್ತದೆ. ಬೆಳೆದವರೇ ತಂದು ಮಾರಬೇಕು, ಮಧ್ಯೆ ವ್ಯಾಪಾರಿಗಳಿಲ್ಲ. ಮಾವು, ಅನಾನಸು, ಕೆಂಪಕ್ಕಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಜೇನುತುಪ್ಪ. ಹೆಂಡತಿಯನ್ನು ಕರೆದುಕೊಂಡು, ಬಾಟಲಿಗಳನ್ನು ಹಳೇ ಸೀರೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು, ತಾವೇ ದುಡಿದ ಬಸ್ಸಿನಲ್ಲಿ ಬಂದಿಳಿಯುತ್ತಿದ್ದರು.

ನಾನು ಮೊದಲ ಸಲ ಅವರ ಹತ್ತಿರ ಹೋಗಿದ್ದು ಸಾಮಾನ್ಯ ಗಿರಾಕಿಯಾಗಿ. ನನ್ನ ಮಗಳಿಗೆ ಆಗ ಎಂಟು ತಿಂಗಳು. ನಾಲಿಗೆ ಬೇಗ ತಿರುಗಲಿ ಎಂದು ಜೇನಿನಲ್ಲಿ ಬಜೆ ತೇಯ್ದು ನೆಕ್ಕಿಸಬೇಕೆಂದು ನಮ್ಮತ್ತೆ ಹಟ ಹಿಡಿದಿದ್ದರು. ಸ್ಟೀಲಿನ ಡಬ್ಬಿ ಹಿಡಿದುಕೊಂಡು ಹೋದೆ. ಅಲ್ಲಿ ಸಾಲಿತ್ತು. ಜೇನುತುಪ್ಪಕ್ಕೆ ಸಾಲು ನಿಲ್ಲಿಸುವವರನ್ನು ನಾನು ಅವತ್ತೇ ಕಂಡದ್ದು. ಅಡ್ಡ ಬಂದವರನ್ನು "ಹಿಂದಕ್ ಸರೀರಿ, ಹಿಂದೆ ಜಾಗ ಐತೆ" ಎಂದು ಬಸ್ಸಿನಲ್ಲಿ ಹೇಳುವ ಹಾಗೇ ಹೇಳುತ್ತಿದ್ದರು. ನನ್ನ ಸರದಿ ಬಂದಾಗ ಡಬ್ಬಿ ತೆಗೆದುಕೊಳ್ಳದೆ, ಯಾರಿಗೆ ಎಂದು ಕೇಳಿದರು. ಮಗುವಿಗೆ ಎಂದೆ. ಎಷ್ಟು ತಿಂಗಳು ಎಂದರು. ಹೇಳಿದೆ.

"ವರ್ಷ ತುಂಬೋ ತನಕ ಕೂಸಿಗೆ ಜೇನು ಹಾಕಬಾರದ್ರೀ. ಮುಂದಿನೋರು ಬರ್ರಿ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ನನ್ನ ಹಿಂದೆ ನಿಂತವರಲ್ಲಿ ನನ್ನ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರಿದ್ದರು. ಇದನ್ನು ನಿಮಗೆ ಯಾರು ಹೇಳಿದ್ದು ಎಂದು ಕೇಳಿದ್ದಕ್ಕೆ, ತಮ್ಮ ಬಸ್ಸಿನಲ್ಲಿ ದಿನಾ ಓಡಾಡುತ್ತಿದ್ದ ಮಕ್ಕಳ ಡಾಕ್ಟರ್ ಹೇಳಿದ್ದಾರೆ, ಡ್ರೈವರ್ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದರು, ಬೇಕಾದರೆ ಅವರನ್ನೇ ಕೇಳಿ ಎಂದರು. ಆ ಡಾಕ್ಟರ್ ವರ್ಗವಾಗಿ ಹೋಗಿ ಹತ್ತು ವರ್ಷವಾಗಿತ್ತಂತೆ.

ಮುಂದಿನ ಭಾನುವಾರ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರ ಕೈಯಲ್ಲಿ ಡಬ್ಬಿ ಕೊಟ್ಟು ಕಳಿಸಿದೆ. ಯಾರಿಗೆ ಎಂದು ಕೇಳಿದರೆ ತನಗೇ ಕೆಮ್ಮು ಎಂದು ಹೇಳಲು ಕಲಿಸಿದ್ದೆ. ಪಾಪ, ಅವರು ಹಾಗೇ ಹೇಳಿದರಂತೆ, ಎರಡು ಸಲ ಕೆಮ್ಮಿಯೂ ತೋರಿಸಿದರಂತೆ. ಕಂಡಕ್ಟರ್ ಜೇನುತುಪ್ಪ ಸುರಿದು, ಮುಚ್ಚಳ ಹಾಕಲು ಹೋದಾಗ ಡಬ್ಬಿಯ ಮೇಲೆ ಕೆತ್ತಿಸಿದ್ದ ನಮ್ಮತ್ತೆಯ ಹೆಸರು ಕಂಡಿದೆ. ಹಿಂದಿನ ವಾರ ನೋಡಿದ ಡಬ್ಬಿ. ಸುರಿದದ್ದನ್ನು ಪೂರ್ತಿ ಬಾಟಲಿಗೆ ವಾಪಸು ಸುರಿದುಕೊಂಡು, ಅಂಟಿದ್ದಷ್ಟು ಇರಲಿ ಎಂದು ಡಬ್ಬಿ ಕೈಗೆ ಕೊಟ್ಟರಂತೆ. ನಾನು ಪುಸ್ತಕ ತೆಗೆದು ನೋಡಿದೆ, ತಾಲ್ಲೂಕು ಆಸ್ಪತ್ರೆಯಲ್ಲೂ ವಿಚಾರಿಸಿದೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದರಿಂದ ನನ್ನ ಸಿಟ್ಟು ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಮಗಳಿಗೆ ವರ್ಷ ತುಂಬಿದ ಮೇಲೆ ಹೋದಾಗ ಅವರಾಗಿಯೇ ಹುಟ್ಟಿದ ತಿಂಗಳು ಕೇಳಿ, ಬೆರಳಲ್ಲಿ ಎಣಿಸಿ ನೋಡಿ ಕೊಟ್ಟರು.

ಆಮೇಲೆ ಎರಡು ಮೂರು ವರ್ಷಕ್ಕೆ ಸಂತೆಯ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಂತು. ನನ್ನ ಅಕ್ಷರ ದುಂಡಗಿದೆ ಎನ್ನುವುದೊಂದೇ ಕಾರಣ. ಯಾರು ಎಲ್ಲಿ ಕೂರಬೇಕು, ಶಾಮಿಯಾನ ಯಾವಾಗ ಬರುತ್ತದೆ, ನೀರಿನ ಡ್ರಮ್ ಯಾರು ತುಂಬಿಸಬೇಕು, ಇವೆಲ್ಲ ನನ್ನ ಪಾಲು. ಇವುಗಳಲ್ಲಿ ಯಾವುದೂ ನನ್ನನ್ನು ಅಷ್ಟು ಸುಸ್ತು ಮಾಡಲಿಲ್ಲ. ಸುಸ್ತು ಮಾಡಿದ್ದು ಈ ಕಂಡಕ್ಟರ್ ಮೇಲಿನ ದೂರುಗಳು.

ಒಂದು ಮನೆಗೆ ಒಂದೇ ಬಾಟಲಿ ಎನ್ನುತ್ತಾರೆ. ಬೆರಳದ್ದಿ ರುಚಿ ನೋಡಲು ಬಿಡುವುದಿಲ್ಲ, ಹಲಸಿನ ಎಲೆಯ ಚೂರಿನ ಮೇಲೆ ತಾವೇ ಒಂದು ಹನಿ ಬಿಟ್ಟು ಕೊಡುತ್ತಾರೆ, ನೆಕ್ಕಿದ ಮೇಲೆ ಎಲೆ ಬುಟ್ಟಿಗೆ ಹಾಕಿದೆವೋ ಇಲ್ಲವೋ ನೋಡುತ್ತಾರೆ. ಬಿಸಿ ಹಾಲಿಗೆ ಹಾಕುತ್ತೇನೆ ಎಂದರೆ ಕೊಡುವುದಿಲ್ಲ. ಒಬ್ಬಾತ ಸೊರಬದಿಂದ ಗಾಜಿನ ಲೋಟದಲ್ಲಿ ನೀರು ಹಿಡಿದುಕೊಂಡು ಬಂದ. ಅಸಲಿ ಜೇನು ನೀರಲ್ಲಿ ತಳಕ್ಕೆ ಮುಳುಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದನಂತೆ, ಅಲ್ಲೇ ಪರೀಕ್ಷೆ ಮಾಡಿ ವಿಡಿಯೋ ಮಾಡಬೇಕಂತೆ. ಇವರು ಪಕ್ಕದ ಅಂಗಡಿಯಿಂದ ಜೋನಿ ಬೆಲ್ಲ ಒಂದು ಚಮಚ ತರಿಸಿ ಅದೇ ಲೋಟಕ್ಕೆ ಬಿಟ್ಟರು. ಅದೂ ಮುಳುಗಿತು. "ಹಂಗಾರೆ ಇದೂ ಅಸಲಿ ಜೇನೇ, ಇದನ್ನೇ ತಗಂಡು ಹೋಗ್ರಿ" ಎಂದರು. ಅವನು ನನ್ನ ಹತ್ತಿರ ಬಂದು ಅರ್ಧ ಗಂಟೆ ಕೂಗಾಡಿದ.

ಅವರ ಹೆಂಡತಿ ಈ ಗಲಾಟೆಗಳ ನಡುವೆ ಒಂದು ಮಾತೂ ಆಡುತ್ತಿರಲಿಲ್ಲ. ಹಿಂದೆ ಕೂತು ಬಾಟಲಿ ಒರೆಸಿ ಒರೆಸಿ ಕೊಡುತ್ತಿದ್ದರು. ಗಂಡನ ಬೈಗುಳ ತಿಂದು ಹೊರಟವರ ಕಡೆ ನೋಡಿ ಸಣ್ಣಗೆ ಕೈಯಾಡಿಸಿ ಸಮಾಧಾನ ಹೇಳುವುದು ಅವರ ಪದ್ಧತಿ. ಎಷ್ಟೋ ಗಿರಾಕಿಗಳು ಆ ಕೈಸನ್ನೆಗಾಗಿಯೇ ಮತ್ತೆ ಬರುತ್ತಿದ್ದರೇನೋ.

ದೊಡ್ಡ ಜಗಳವಾಗಿದ್ದು ಎರಡು ವರ್ಷದ ಹಿಂದೆ. ಅದರ ಹಿಂದಿನ ಮಳೆಗಾಲ ದೀಪಾವಳಿ ಕಳೆದರೂ ಬಿಟ್ಟಿರಲಿಲ್ಲ. ಮಳೆಯಲ್ಲಿ ಹೂವಿಲ್ಲದಾಗ ಜೇನುಹುಳ ಸಾಯಬಾರದೆಂದು ಪೆಟ್ಟಿಗೆಯೊಳಗೆ ಸಕ್ಕರೆ ಪಾಕ ಇಡುವುದು ಎಲ್ಲರೂ ಮಾಡುವ ಕೆಲಸ. ತಪ್ಪೇನಿಲ್ಲ. ಆದರೆ ಪಾಕ ಜಾಸ್ತಿಯಾದರೆ ಹುಳಗಳು ಅದನ್ನೇ ಎರಿಯ ಮೇಣದ ಗೂಡುಗಳಲ್ಲಿ ತುಂಬಿಡುತ್ತವೆ. ಬೇಸಿಗೆಯಲ್ಲಿ ಮೊದಲ ಸಲ ತೆಗೆದ ತುಪ್ಪದಲ್ಲಿ ಅದೂ ಬರುತ್ತದೆ. ಆ ವರ್ಷ ಹಾಗಾಗಿತ್ತು. ಮೊದಲ ಭಾನುವಾರ ಸಂತೆಯಲ್ಲಿ ಐದು ಜನ ಜೇನು ತಂದಿದ್ದರು. ಕಂಡಕ್ಟರ್ ತಮ್ಮ ಬಾಟಲಿಗಳನ್ನು ಸಾಲಾಗಿ ಜೋಡಿಸಿ, ಮುಂದೆ ಒಂದು ರಟ್ಟು ನಿಲ್ಲಿಸಿದರು. ಅದರ ಮೇಲೆ ಇದ್ದಲಿನಲ್ಲಿ ದಪ್ಪ ಅಕ್ಷರ: "ಇದರಲ್ಲಿ ಸಕ್ಕರೆ ಪಾಕ ಸೇರಿದೆ. ಜೇನು ಎಂದು ಕೊಳ್ಳಬೇಡಿ."

ಓದಿದವರು ಪಕ್ಕದ ಅಂಗಡಿಗೆ ಹೋಗಿ, ಹಾಗಾದರೆ ನಿಮ್ಮದರಲ್ಲಿ ಎಂದು ಕೇಳತೊಡಗಿದರು. ಹತ್ತು ಗಂಟೆಯೊಳಗೆ ಐದೂ ಅಂಗಡಿಗಳ ಮುಂದೆ ಜನವಿಲ್ಲ. ಗುಡವಿ ಕಡೆಯ ಒಬ್ಬ ಹೆಂಗಸು, ಹಿಂದಿನ ವರ್ಷವಷ್ಟೇ ಪೆಟ್ಟಿಗೆ ಇಟ್ಟು ಮೊದಲ ಸಲ ಸಂತೆಗೆ ಬಂದವಳು, ಬಾಟಲಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಉಳಿದ ಮೂವರು ಸೇರಿ ನನ್ನ ಮೇಜಿಗೆ ಬಂದರು. ಕಂಡಕ್ಟರನ್ನು ಎಬ್ಬಿಸಿ, ಇಲ್ಲವಾದರೆ ನಾವು ಏಳುತ್ತೇವೆ ಎಂದರು.

ನಾನು ಹೋಗಿ ಮೆಲ್ಲಗೆ ಹೇಳಿ ನೋಡಿದೆ. ನಿಮ್ಮ ತುಪ್ಪ ಮಾರುವುದು ಬೇಡವೆಂದರೆ ತರಬೇಡಿ, ತಂದು ಹೀಗೆ ಬೋರ್ಡು ಹಾಕಿದರೆ ಉಳಿದವರ ಗತಿಯೇನು ಎಂದೆ. ಮಾರುವುದಿಲ್ಲ ಎಂದು ಅವರೂ ಒಪ್ಪಿದರು. ಮಳೆಗಾಲದಲ್ಲಿ ಹುಳಗಳಿಗೇ ವಾಪಸು ಇಡುತ್ತಾರಂತೆ. ಹಾಗಾದರೆ ಬಂದಿದ್ದಾದರೂ ಯಾಕೆ ಎಂದೆ.

"ವರ್ಷಾವರ್ಷ ಬರೋರು ಬರ್ತಾರ್ರೀ ಅಕ್ಕೋರೆ. ಬಸ್ಸಿಲ್ಲ ಅಂದ್ರೆ ಯಾಕಿಲ್ಲ ಅಂತ ನಿಂತು ಹೇಳೋರು ಒಬ್ರು ಬೇಕಲ್ರೀ."

ನನಗೆ ರೇಗಿ ಹೋಯಿತು. ಸುತ್ತ ಜನ ನಿಂತಿದ್ದಾರೆ ಎನ್ನುವುದನ್ನೂ ನೋಡದೆ ಅಂದುಬಿಟ್ಟೆ: "ನಿಮಗೆ ಪಿಂಚಣಿ ಬರ್ತದೆ ಕಂಡಕ್ಟರ್ರೇ. ಸತ್ಯ ಹೇಳೋದು ಸುಲಭ. ಆ ಗುಡವಿಯವಳಿಗೆ ಯಾರು ಕೊಡ್ತಾರೆ?"

ಅವರು ರಟ್ಟನ್ನು ಸ್ವಲ್ಪ ನೆಟ್ಟಗೆ ಮಾಡಿ ನಿಲ್ಲಿಸಿದರು. ಹೆಂಡತಿ ಬಾಟಲಿ ಒರೆಸುವುದನ್ನು ನಿಲ್ಲಿಸಿ ತಲೆ ತಗ್ಗಿಸಿದರು. ಮಧ್ಯಾಹ್ನ ಸಮಿತಿಯವರು ಕೂತು, ಈ ಋತುವಿಗೆ ಅವರು ಅಂಗಡಿ ಹಾಕುವುದು ಬೇಡ ಎಂದು ತೀರ್ಮಾನಿಸಿದರು. ಬಾಯಲ್ಲಿ ಹೇಳಿದ್ದಕ್ಕೆ ಅವರು ಒಪ್ಪಲಿಲ್ಲ, ಬರೆದು ಕೊಡಿ ಎಂದರು. ನನ್ನ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟೆ. ಓದಿ ನೋಡಿ ಎರಡು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಬುಟ್ಟಿ ಹೊತ್ತುಕೊಂಡು ಹೋದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಆದರೂ ಒಂದು ಪೀಡೆ ಕಳೆಯಿತು ಎಂದುಕೊಂಡೆ.

ಮುಂದಿನ ಭಾನುವಾರ ನೋಡುತ್ತೇನೆ, ಗಂಡ ಹೆಂಡತಿ ಇಬ್ಬರೂ ಬರಿಗೈಯಲ್ಲಿ ಬಸ್ಸಿಳಿದು ಬರುತ್ತಿದ್ದಾರೆ. ನಾನು ಓಡಿಹೋಗಿ ಅಡ್ಡ ನಿಂತೆ. ಅವರು ಜೇಬಿನಿಂದ ಚೀಟಿ ತೆಗೆದರು. ಅಂಗಡಿ ಹಾಕಬಾರದು ಎಂದಷ್ಟೇ ಬರೆದಿದೆ, ಸಾಮಾನು ಕೊಳ್ಳಬಾರದು ಎಂದು ಎಲ್ಲೂ ಬರೆದಿಲ್ಲ ಎಂದು ತೋರಿಸಿದರು. ನೇರ ಹೋಗಿ ಗುಡವಿಯವಳ ಮುಂದೆ ನಿಂತರು. ಅವಳು ಹೆದರಿ ನನ್ನ ಕಡೆ ನೋಡಿದಳು.

ಅವರು ವಿಚಾರಣೆ ಶುರು ಮಾಡಿದರು. ಪೆಟ್ಟಿಗೆ ಎಷ್ಟು, ಪಾಕ ಎಂದು ನಿಲ್ಲಿಸಿದೆ, ಮೊದಲು ತೆಗೆದದ್ದು ಏನು ಮಾಡಿದೆ, ಎರಿಯ ಮೇಲೆ ಮೇಣದ ಮುಚ್ಚಳ ಎಷ್ಟು ಭಾಗ ಬಂದಿತ್ತು. ಅವಳು ತಡವರಿಸುತ್ತ ಒಂದೊಂದಕ್ಕೂ ಉತ್ತರ ಕೊಟ್ಟಳು. ಮೊದಲು ತೆಗೆದದ್ದನ್ನು ಹೋದ ವಾರ ತಂದಿದ್ದೆ, ನಿಮ್ಮ ಬೋರ್ಡು ನೋಡಿ ಅದನ್ನು ಮನೆಯಲ್ಲೇ ಬಿಟ್ಟೆ, ಇದು ನೇರಳೆ ಹೂ ಬಂದ ಮೇಲಿನದು ಎಂದಳು. ಅವರು ಎಲೆಯ ಮೇಲೆ ಹನಿ ಹಾಕಿಸಿಕೊಂಡು, ಮೂಸಿ, ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ನಿಂತರು. ಅಷ್ಟರಲ್ಲಿ ಇಪ್ಪತ್ತು ಜನ ಸೇರಿದ್ದರು.

"ಇದು ಜೇನು. ತಗಳ್ರಿ. ಸಾಲಾಗಿ ನಿಲ್ರಿ."

ತಮ್ಮ ತುಪ್ಪವನ್ನೇ ಜೇನಲ್ಲ ಎಂದ ಮನುಷ್ಯನ ಮಾತು. ಹನ್ನೆರಡು ಗಂಟೆಗೆ ಅವಳ ಹತ್ತಿರ ಒಂದು ಬಾಟಲಿಯೂ ಉಳಿಯಲಿಲ್ಲ. ಉಳಿದ ಮೂವರಲ್ಲಿ ಇಬ್ಬರ ಮುಂದೆ ನಿಂತು ಅವರು ಏನೂ ಹೇಳದೆ ಮುಂದೆ ಹೋದರು. ಅವರಿಬ್ಬರೂ ಆ ಋತುವಿನಲ್ಲಿ ಮತ್ತೆ ಬರಲಿಲ್ಲ. ಆ ವಾರದಿಂದ ಜನ ಜೇನು ಕೊಳ್ಳುವ ಮೊದಲು ಕಂಡಕ್ಟರ್ ನೋಡಿದ್ದಾರಾ ಎಂದು ಕೇಳುವುದು ರೂಢಿಯಾಯಿತು. ನಾನು ಅವರ ಮನೆಗೇ ಹೋಗಿ, ಚೀಟಿ ಹರಿದು ಹಾಕಿ, ಅಂಗಡಿ ಹಾಕಿ ಎಂದು ಕೇಳಿಕೊಂಡೆ. ಋತು ಎಂದು ಬರೆದಿದೆ, ಋತು ಮುಗಿಯಲಿ ಎಂದರು. ಪ್ರತಿ ಭಾನುವಾರ ಗಿರಾಕಿಯಾಗಿಯೇ ಬಂದರು. ನನ್ನ ಮೇಜಿನ ಮುಂದೆ ಹಾದು ಹೋಗುವಾಗ ಎದೆಯ ಜೇಬನ್ನು ಒಮ್ಮೆ ತಟ್ಟಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಮತ್ತೆ ಅಂಗಡಿ ಹಾಕಿದರು. ಮೊದಲ ಎರಡು ತಿಂಗಳು ಎಂದಿನಂತೆಯೇ ನಡೆಯಿತು. ಆಮೇಲೆ ಎರಡು ಭಾನುವಾರ ಕಾಣಲಿಲ್ಲ. ವಿಪರೀತ ಜ್ವರ ಎಂದು ಬಸ್ಸಿನವರು ಹೇಳಿದರು. ಮರಳಿ ಬಂದಾಗ ಮುಖ ಬತ್ತಿ ಹೋಗಿತ್ತು. ಅಂಗಡಿ ಬಿಚ್ಚಿದರು, ಆದರೆ ಸಾಲಿನಲ್ಲಿ ನಿಂತವರಿಗೆ ಕೊಡುತ್ತಿಲ್ಲ. ನನ್ನನ್ನು ಕರೆಸಿದರು. ಮತ್ತೇನು ತಕರಾರೋ ಎಂದುಕೊಂಡು ಹೋದೆ. ಹತ್ತಿರ ಕೂರಲು ಹೇಳಿ, ಯಾರಿಗೂ ಕೇಳದ ಹಾಗೆ ಹೇಳಿದರು.

"ನನ್ನ ನಾಲಿಗೆ ಹೋಗೈತ್ರೀ ಅಕ್ಕೋರೆ. ಜ್ವರ ಬಿಟ್ಟ ಮ್ಯಾಲೆ ರುಚಿನೂ ಇಲ್ಲ, ವಾಸನೆನೂ ಇಲ್ಲ. ಹುಳಿ ಬಂದೈತೋ ಏನೋ ತಿಳೀವಲ್ದು. ನೀವು ನೋಡಿ ಹೇಳ್ರಿ."

ನನಗೆ ಅಷ್ಟೆಲ್ಲ ತಿಳಿಯುವುದಿಲ್ಲ, ಗುಡವಿಯವಳನ್ನು ಕರೆಯುತ್ತೇನೆ ಎಂದೆ. ಅದಕ್ಕೆ ಅವರು, ಅವಳಾಗಲಿ ನನ್ನ ಹೆಂಡತಿಯಾಗಲಿ ನನ್ನ ಮೇಲಿನ ಮರ್ಯಾದೆಗೆ ಚೆನ್ನಾಗಿದೆ ಎಂದುಬಿಡುತ್ತಾರೆ, ನಿಮಗೆ ನನ್ನ ಮೇಲೆ ಅಂಥದ್ದೇನೂ ಇಲ್ಲವಲ್ಲ ಎಂದರು. ಅದನ್ನು ಹೊಗಳಿಕೆ ಎನ್ನಬೇಕೋ ಬೈಗುಳ ಎನ್ನಬೇಕೋ ತಿಳಿಯಲಿಲ್ಲ.

ಹನ್ನೊಂದು ಬಾಟಲಿಗಳಿದ್ದವು. ಎಲೆಯ ಮೇಲೆ ಒಂದು ಹನಿ, ನಾಲಿಗೆಯ ತುದಿಯಲ್ಲಲ್ಲ ಮಧ್ಯದಲ್ಲಿ ಇಟ್ಟುಕೊಳ್ಳಬೇಕು, ನುಂಗುವ ಮೊದಲು ಮೂಗಿನಿಂದ ಉಸಿರು ಬಿಡಬೇಕು, ಆಮೇಲೆ ನೀರು ಮುಕ್ಕಳಿಸಿ ಇನ್ನೊಂದು. ಜ್ವರದಲ್ಲಿ ಮಲಗಿದ್ದಾಗ ಹೆಂಡತಿ ಯಾರನ್ನೋ ಕರೆದು ತುಪ್ಪ ತೆಗೆಸಿದ್ದರಂತೆ, ಮೇಣದ ಮುಚ್ಚಳ ಬಾರದ ಎರಿಯಿಂದಲೂ ತೆಗೆದುಬಿಟ್ಟಿದ್ದಾರೆ, ಅಂಥ ಎಳೆ ತುಪ್ಪ ಬೇಗ ಹುಳಿಯುತ್ತದೆ ಎಂದು ಅವರಿಗೆ ಅನುಮಾನ. ಮೊದಲನೆಯದರಲ್ಲೇ ಸಣ್ಣಗೆ ಹುಳಿ ಹಿಡಿದಿತ್ತು. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಿದೆ. ಬಾಟಲಿ ಪಕ್ಕಕ್ಕಿಟ್ಟರು. ಎಷ್ಟು ಹುಳಿ, ಮಜ್ಜಿಗೆಯಷ್ಟೋ ಹುಣಸೆಯಷ್ಟೋ ಎಂದು ಕೇಳಿದರು. ಐದು ಮುಗಿಯುವಷ್ಟರಲ್ಲಿ ನನ್ನ ಬಾಯಿ ಅಂಟಂಟಾಗಿ ತಲೆ ಸುತ್ತತೊಡಗಿತು. ಅತ್ತ ನನ್ನ ಮೇಜಿನ ಹತ್ತಿರ ಜನ ಕಾಯುತ್ತಿದ್ದಾರೆ, ಶಾಮಿಯಾನದ ಒಂದು ಕಂಬ ವಾಲಿದೆ. ಎಂಟನೆಯದಕ್ಕೆ ಸಾಕಾಗಿ, ಇದು ಚೆನ್ನಾಗಿದೆ ಎಂದೆ. ಅವರು ನನ್ನ ಮುಖ ನೋಡಿದರು.

"ಟಿಕೆಟ್ ತಗಳ್ದೇ ಕುಂತೋರ ಮುಖ ಮೂವತ್ತು ವರ್ಷ ನೋಡೀನಿ. ಇನ್ನೊಂದ್ ಸಲ ನೋಡ್ರಿ."

ಮತ್ತೆ ನೋಡಿದೆ. ಹುಳಿ ಇತ್ತು.

ಕೊನೆಗೆ ಮೂರು ಬಾಟಲಿ ಪಾಸಾದವು. ಸಾಲಿನಲ್ಲಿ ಮೊದಲು ನಿಂತಿದ್ದ ಮೂವರಿಗೆ, ಯಾರಿಗೆ ಯಾಕೆ ಎಂದು ಕೇಳಿ ಕೊಟ್ಟರು. ನನಗೆ ಒಂದು ಒಳ್ಳೆಯ ಮಾತೂ ಹೇಳಲಿಲ್ಲ. ಮುಂದಿನ ವಾರ ಹೊಸದು ತೆಗೆಯುತ್ತೇನೆ, ನೀವು ಬೆಳಿಗ್ಗೆ ಬೇಗ ಬನ್ನಿ, ತಿಂಡಿ ತಿನ್ನದೆ ಬನ್ನಿ, ನಿಮಗೆ ಹುಳಿಗೂ ಒಗರಿಗೂ ವ್ಯತ್ಯಾಸ ಇನ್ನೂ ಹಿಡಿಯುವುದಿಲ್ಲ ಎಂದರು. ಆಯಿತು, ಬರುತ್ತೇನೆ ಎಂದೆ. ಅಲ್ಲಿಂದ ಎದ್ದರೆ ಸಾಕಾಗಿತ್ತು.

ಮುಂದಿನ ಭಾನುವಾರ ನಾನು ಸಂತೆಗೆ ಹೋಗಲಿಲ್ಲ. ತಲೆನೋವು ಎಂದು ಸಮಿತಿಯವರಿಗೆ ಫೋನ್ ಮಾಡಿ ಹೇಳಿದೆ. ತಲೆನೋವಿರಲಿಲ್ಲ. ಮನೆಯಲ್ಲಿ ಕೂತು ಸೀರೆಗಳಿಗೆ ಇಸ್ತ್ರಿ ಹಾಕಿದೆ. ಇನ್ನೊಂದು ವಾರ ನಾಲಿಗೆ ಮೇಲೆ ಹನಿ ಬಿಡಿಸಿಕೊಂಡು ಬೈಸಿಕೊಳ್ಳಲು ನಾನೇನು ಅವರ ಬಸ್ಸಿನ ಪ್ಯಾಸೆಂಜರ್ ಅಲ್ಲ ಎಂದುಕೊಂಡೆ. ಆ ವಾರವೇ ಮಳೆ ಹಿಡಿಯಿತು, ಸಂತೆ ನಿಂತಿತು. ಶ್ರಾವಣದಲ್ಲಿ, ಬೆಳಿಗ್ಗೆ ಪೆಟ್ಟಿಗೆಗಳ ಹತ್ತಿರ ಪಾಕ ಇಡಲು ಹೋದವರು ಅಲ್ಲೇ ಕುಸಿದು ಹೋದರಂತೆ.

ಹದಿಮೂರು ದಿನ ಕಳೆದ ಮೇಲೆ ಮನೆಗೆ ಹೋದೆ. ಅಷ್ಟು ವರ್ಷ ಮಾತೇ ಆಡದ ಅವರ ಹೆಂಡತಿ ಅವತ್ತು ನನ್ನನ್ನು ಚಾಪೆಯ ಮೇಲೆ ಕೂರಿಸಿಕೊಂಡು ತಾವಾಗಿಯೇ ಮಾತಾಡಿದರು. ಆ ಕೊನೆಯ ಭಾನುವಾರ ಹೊಸ ತುಪ್ಪ ತಂದಿದ್ದರಂತೆ. ಸಾಲಿನಲ್ಲಿ ಜನ ನಿಂತು ನಿಂತು ಹೋದರಂತೆ. ಬೇರೆ ಯಾರಿಂದಲಾದರೂ ರುಚಿ ನೋಡಿಸೋಣ ಎಂದು ಇವರು ಹೇಳಿದ್ದಕ್ಕೂ ಒಪ್ಪಲಿಲ್ಲವಂತೆ. ಫೋನ್ ಮಾಡೋಣ ಎಂದರೆ ಅದಕ್ಕೂ ಬಿಡಲಿಲ್ಲವಂತೆ.

"ಬರ್ತೀನಿ ಅಂದಾರೆ, ಬರ್ತಾರೆ ಅಂತ ಎಲ್ಡು ಗಂಟೆ ಬಸ್ ತನಕ ಕುಂತಿದ್ರು" ಎಂದರು. ದೂರಿನ ದನಿ ಇರಲಿಲ್ಲ. ನಡೆದದ್ದು ಹೇಳುತ್ತಿದ್ದರು, ಅಷ್ಟೆ.

ಆ ಬಾಟಲಿಗಳು ಏನಾದವು ಎಂದು ಕೇಳಿದೆ. ಒಳಗೆ ಅಟ್ಟದ ಕೆಳಗೆ ಹಾಗೇ ಇವೆ, ಯಾರಿಗೂ ಕೊಟ್ಟಿಲ್ಲ, ನೋಡದೆ ಕೊಡಬೇಡ ಅಂದಿದ್ದರು ಎಂದರು. ತನ್ನಿ ಎಂದೆ. ಒಂಬತ್ತು ಬಾಟಲಿಗಳನ್ನು ತಂದು ಸೆರಗಿನಿಂದ ಒರೆಸಿ ನನ್ನ ಮುಂದೆ ಸಾಲಾಗಿ ಇಟ್ಟರು. ಒಂದು ಚೊಂಬು ನೀರು ತಂದಿಟ್ಟರು. ನಾನು ಒಂದೊಂದನ್ನೇ ನಾಲಿಗೆಯ ಮಧ್ಯಕ್ಕೆ ಬಿಟ್ಟುಕೊಂಡು, ಮೂಗಿನಿಂದ ಉಸಿರು ಬಿಟ್ಟು, ನೀರು ಮುಕ್ಕಳಿಸಿ, ಅವಸರ ಮಾಡದೆ ನೋಡಿದೆ. ಮುಗಿಸುವಷ್ಟರಲ್ಲಿ ಹೊತ್ತು ಮುಳುಗುತ್ತ ಬಂದಿತ್ತು.

ಒಂಬತ್ತೂ ಚೆನ್ನಾಗಿದ್ದವು.